ಬಡ್ಡಿ ಬಾರದ ಖಾತೆ

ಸೆಪ್ಟೆಂಬರ್ ಎಂಟನೇ ತಾರೀಕು ಸೋಮವಾರ ಬೆಳಿಗ್ಗೆ, ಎಪ್ಪತ್ತಾರು ವರ್ಷದ ವಿಷ್ಣುತೀರ್ಥ ಎಂಬುವವರು ಮಗಳು ಸುಮೇಧಾಳ ಜೊತೆ ಕೀಲ್ಪಾಕ್‌ನ ಪೊಲೀಸ್ ಠಾಣೆಗೆ ಬಂದು ದೂರು ಕೊಟ್ಟರು. ಆರು ಬ್ಯಾಂಕುಗಳಲ್ಲಿ ಅವರ ಹೆಸರಿನಲ್ಲಿದ್ದ ಇಪ್ಪತ್ತೇಳು ಲಕ್ಷ ರೂಪಾಯಿ ಹಿಂದಿನ ವಾರ ಪೂರ್ತಿ ಖಾಲಿಯಾಗಿತ್ತು. ದೂರು ತಮಿಳಿನಲ್ಲಿತ್ತು. ಮುದುಕರ ಕೈ ನಡುಗುವುದರಿಂದ ಅದನ್ನು ಬರೆದವಳು ಸುಮೇಧಾ. ಸಹಿ ಮಾತ್ರ ಅವರದು.

ಅಪ್ಪ ಮಗಳು ತಮ್ಮತಮ್ಮಲ್ಲಿ ಕನ್ನಡ ಆಡುವುದನ್ನು ಕೇಳಿ ಇನ್ಸ್‌ಪೆಕ್ಟರ್ ಭೋಜರಾಜ ಕನ್ನಡದಲ್ಲೇ ಮಾತಿಗಿಳಿದರು. ಅವರು ಹೊಸೂರಿನ ಕಡೆಯವರು.

“ಇಷ್ಟೊಂದು ಬ್ಯಾಂಕು ಯಾಕೆ ಸಾರ್?”

“ಬಡ್ಡಿಗೆ. ದೊಡ್ಡ ಬ್ಯಾಂಕಿನವನು ಸೇವಿಂಗ್ಸ್‌ಗೆ ಎರಡೂವರೆ ಕೊಡ್ತಾನೆ. ಹೊಸದಾಗಿ ಬಂದವನು ಆರೂವರೆ, ಏಳು ಕೊಡ್ತಾನೆ. ಅವನು ಇಳಿಸಿದ ದಿನ ಇನ್ನೊಬ್ಬನ ಹತ್ರ ಹೋಗ್ಬೇಕು. ಒಂದೊಂದರಲ್ಲೂ ಐದು ಲಕ್ಷ ದಾಟಬಾರದು. ಬ್ಯಾಂಕು ಮುಳುಗಿದ್ರೆ ವಿಮೆ ಅಷ್ಟಕ್ಕೇ ಇರೋದು.”

ವಿಷ್ಣುತೀರ್ಥರು ಗಿಂಡಿಯ ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತರಾದವರು. ತೊಂಬತ್ತರ ದಶಕದಲ್ಲಿ ಒಂದು ಫೈನಾನ್ಸ್ ಕಂಪನಿ ಬಾಗಿಲು ಹಾಕಿಕೊಂಡಾಗ ಹನ್ನೆರಡು ವರ್ಷದ ಉಳಿತಾಯ ಕಳೆದುಕೊಂಡಿದ್ದರು. ಅಲ್ಲಿಂದೀಚೆಗೆ ಹಣವನ್ನು ಒಂದು ಕಡೆ ನಿಲ್ಲಗೊಟ್ಟವರಲ್ಲ.

“ಯಾರ ಮೇಲಾದ್ರೂ ಅನುಮಾನ ಇದೆಯಾ?”

“ತೃಷಾ ಅಂತ ಒಬ್ಬ ಹುಡುಗಿ, ಕಾಸಿಮೇಡಿನವಳು. ನನ್ನ ಹೆಂಡತಿ ರಮಾಬಾಯಿನ ನೋಡ್ಕೊಳ್ಳೋಕೆ ಬರ್ತಿದ್ಲು. ಹೆಂಡತಿ ಜೂನ್‌ನಲ್ಲಿ ತೀರ್ಕೊಂಡ್ಲು. ಹುಡುಗಿ ಹೋದ ವಾರದವರೆಗೂ ಮನೆಕೆಲಸಕ್ಕೆ ಬರ್ತಿದ್ಲು. ನನ್ನ ಫೋನು ಮನೇಲಿ ಎಲ್ಲೆಂದರಲ್ಲಿ ಬಿದ್ದಿರ್ತಿತ್ತು.”

“ಅವಳಲ್ಲಪ್ಪ,” ಎಂದಳು ಸುಮೇಧಾ.

“ನೀ ಸುಮ್ನಿರು. ಯಾರೇ ಆಗಿರಲಿ ಇನ್ಸ್‌ಪೆಕ್ಟರ್, ಬಿಡಬೇಡಿ.”

ವಂಚನೆ ಮತ್ತು ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಮುಗಳಡಿ ಎಫ್‌ಐಆರ್ ದಾಖಲಾಯಿತು. ಆರೂ ಬ್ಯಾಂಕುಗಳಿಗೆ ಪತ್ರ ಹೋಯಿತು. ಸಂಜೆಯ ಹೊತ್ತಿಗೆ ಗೊತ್ತಾದದ್ದು ಇಷ್ಟು: ಎಲ್ಲ ಹಣವೂ ‘ಆರ್. ಬಿ. ಟ್ಯೂಷನ್ಸ್’ ಎಂಬ ಹೆಸರಿನ ಒಂದೇ ಖಾತೆಗೆ ಹೋಗಿದೆ. ಆ ಖಾತೆಯನ್ನು ತಡೆಹಿಡಿಯಲಾಯಿತು. ಖಾತೆದಾರರ ವಿವರ ಮುಖ್ಯ ಕಚೇರಿಯಿಂದ ಬರಲು ಎರಡು ಮೂರು ದಿನ ಬೇಕೆಂದರು.

ಮರುದಿನ ಹೆಡ್ ಕಾನ್‌ಸ್ಟೆಬಲ್ ಕಲಾವತಿ ಮುದುಕರ ಮನೆಗೆ ಹೋಗಿ, ನೆರೆಮನೆಯ ಇಬ್ಬರ ಸಮಕ್ಷಮದಲ್ಲಿ ಪಂಚನಾಮೆ ಬರೆದು ಫೋನನ್ನು ವಶಕ್ಕೆ ತೆಗೆದುಕೊಂಡರು. ಸಿಮ್ ಬದಲಾಗಿರಲಿಲ್ಲ. ಒಟಿಪಿಗಳೆಲ್ಲ ಇದೇ ಫೋನಿಗೆ ಬಂದಿದ್ದವು. ಬಂದ ಸಂದೇಶಗಳನ್ನು ಯಾರೋ ಒಂದೊಂದಾಗಿ ಅಳಿಸಿದ್ದರು.

ಅಲ್ಲಿಂದ ಅವರೂ ಭೋಜರಾಜರೂ ಕಾಸಿಮೇಡಿಗೆ ಹೊರಟರು. ಮೀನಿನ ಹರಾಜು ಮುಗಿದು ಬಂದರಿನ ನೆಲವನ್ನು ತೊಳೆಯುತ್ತಿದ್ದರು. ಹಿಂದಿನ ಬೀದಿಯಲ್ಲಿ ತೃಷಾಳ ಮನೆ. ಖಾಕಿ ಕಂಡದ್ದೇ ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಂತರು. ಇಪ್ಪತ್ತಮೂರರ ಹುಡುಗಿ, ಹೊಸ ಮನೆಯೊಂದರ ಕೆಲಸಕ್ಕೆ ಹೊರಡಲು ಸಿದ್ಧಳಾಗಿದ್ದವಳು, ಹೊಸ್ತಿಲಲ್ಲೇ ಅಳಲು ಶುರುಮಾಡಿದಳು. ಕಲಾವತಿ ತಮಿಳಿನಲ್ಲಿ ವಿಚಾರಿಸಿದರು.

“ತಾತನ ಫೋನ್ ಮುಟ್ಟಿದ್ದೀಯಾ?”

“ಇಲ್ಲ ಮೇಡಂ. ನನಗೆ ಅದರ ಲಾಕೂ ಗೊತ್ತಿಲ್ಲ. ಬ್ಯಾಂಕಿನದೆಲ್ಲ ಅಕ್ಕ ನೋಡ್ಕೊಳ್ಳೋದು. ತಾತ ಕೂತು ಹೇಳ್ತಾರೆ, ಅಕ್ಕ ಒತ್ತುತ್ತಾರೆ. ದಿನಾ ಬೆಳಿಗ್ಗೆ ಅದೇ.”

“ಮನೇಲಿ ಜಗಳ ಇತ್ತಾ?”

“ಜಗಳ ಇಲ್ಲ. ಆ ಮನೇಲಿ ಯಾರೂ ಜೋರಾಗಿ ಮಾತಾಡಲ್ಲ. ರಮಾ ಪಾಟಿ ಹೊಟ್ಟೆ ಹಿಡ್ಕೊಂಡು ಒದ್ದಾಡೋರು. ಆಪರೇಷನ್‌ಗೆ ಇನ್ನೂ ಸ್ವಲ್ಪ ದಿನ ಇದೆ ಅಂತ ತಾತ ಹೇಳೋರು. ನಾನು ಕೆಲಸಕ್ಕೆ ಸೇರೋ ಹೊತ್ತಿಗೇ ಪಾಟಿ ಎದ್ದು ಕೂರೋ ಹಾಗಿರಲಿಲ್ಲ.”

ಬುಧವಾರ ತೃಷಾ ಠಾಣೆಗೆ ಫೋನ್ ಮಾಡಿದಳು. ಪೊಲೀಸರು ಮನೆಗೆ ಬಂದಿದ್ದ ಸುದ್ದಿ ಅವಳನ್ನು ಕೆಲಸಕ್ಕೆ ಕಳಿಸುತ್ತಿದ್ದ ಏಜೆನ್ಸಿಗೆ ಮುಟ್ಟಿ, ಅವಳನ್ನು ಕೆಲಸದಿಂದ ತೆಗೆದುಹಾಕಿದ್ದರು. ತಾನು ನಿರಪರಾಧಿ ಎಂದು ಒಂದು ಕಾಗದ ಕೊಡಲು ಸಾಧ್ಯವೇ ಎಂದು ಕೇಳಿದಳು. ತನಿಖೆ ಮುಗಿಯುವವರೆಗೆ ಆಗುವುದಿಲ್ಲ ಎಂದು ಕಲಾವತಿ ಹೇಳಬೇಕಾಯಿತು.

ಗುರುವಾರ ಮಧ್ಯಾಹ್ನ ಬ್ಯಾಂಕಿನ ಉತ್ತರ ಬಂತು. ಆರ್. ಬಿ. ಟ್ಯೂಷನ್ಸ್‌ನ ಮಾಲೀಕಳು ಸುಮೇಧಾ, ವಯಸ್ಸು ನಲವತ್ತಮೂರು, ಮನೆಯಲ್ಲಿ ಗಣಿತದ ಪಾಠ ಹೇಳುವವಳು. ಅದು ಕರೆಂಟ್ ಖಾತೆ. ಬಂದ ಹಣದಲ್ಲಿ ಒಂದು ರೂಪಾಯಿಯೂ ಹೊರಗೆ ಹೋಗಿರಲಿಲ್ಲ. ಭೋಜರಾಜ ಆ ಕೊನೆಯ ಸಾಲನ್ನು ಎರಡು ಸಲ ಓದಿ, ಬ್ಯಾಂಕಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡರು.

ಶುಕ್ರವಾರ ಬೆಳಿಗ್ಗೆ ಅವರೂ ಕಲಾವತಿಯೂ ಮನೆ ತಲುಪಿದಾಗ ಬಾಗಿಲು ತೆರೆದವಳು ಸುಮೇಧಾ. ವಿಷ್ಣುತೀರ್ಥರು ನಡುಮನೆಯಲ್ಲಿ ಕೂತಿದ್ದರು.

“ಆರ್. ಬಿ. ಅಂದ್ರೆ ರಮಾಬಾಯಿ ಅಲ್ವಾ ಮೇಡಂ?” ಭೋಜರಾಜ ಕೇಳಿದರು.

“ಹೌದು.”

“ದೂರು ಬರೆದಿದ್ದೂ ನೀವೇ.”

“ಅಪ್ಪ ಹೇಳ್ತಾ ಹೋದ್ರು. ಬರೆದೆ. ಅವ್ರು ಹೇಳಿದ್ದನ್ನ ಮಾಡಿ ಅಭ್ಯಾಸ.”

ಮುದುಕರು ಕುರ್ಚಿಯಿಂದ ಅರ್ಧ ಎದ್ದರು. “ಏನು ನಡೀತಿದೆ ಇಲ್ಲಿ?”

“ನಿಮ್ಮ ಹಣ ಮಗಳ ಖಾತೆಯಲ್ಲಿದೆ ಸಾರ್. ಪೂರ್ತಿ ಇದೆ.”

“ಯಾವ ಖಾತೆ?”

“ಕರೆಂಟ್ ಖಾತೆ.”

“ಕರೆಂಟಾ?” ಅವರು ಮಗಳ ಕಡೆ ತಿರುಗಿದರು. “ಅದಕ್ಕೆ ಬಡ್ಡಿನೇ ಇಲ್ವಲ್ಲೇ!”

ಅಂದದ್ದೇನೆಂದು ಅವರಿಗೇ ಕೇಳಿಸಿತೋ ಏನೋ, ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಸುಮೇಧಾ ಗೋಡೆಗೆ ಒರಗಿ ನಿಂತಳು.

“ಯಾಕೆ ಮಾಡಿದ್ರಿ?” ಎಂದು ಭೋಜರಾಜ ಕೇಳಿದರು.

“ಜನವರಿಯಲ್ಲಿ ಅಮ್ಮನಿಗೆ ಹೊಟ್ಟೇಲಿ ಗಡ್ಡೆ ಅಂದ್ರು. ತಡ ಮಾಡದೆ ಆಪರೇಷನ್ ಮಾಡಿಸಿ ಅಂದ್ರು. ಅದೇ ವಾರ ಒಂದು ಹೊಸ ಬ್ಯಾಂಕು ಮಾರ್ಚ್ ಕೊನೆವರೆಗೂ ಹಣ ತೆಗೀದೇ ಇಟ್ರೆ ಒಂದು ಪರ್ಸೆಂಟ್ ಜಾಸ್ತಿ ಅಂತ ಹೇಳ್ತು. ಅಪ್ಪ ಆಪರೇಷನ್‌ನ ಹಣ ಅಲ್ಲಿಗೆ ಹಾಕು, ಎರಡು ತಿಂಗಳಲ್ಲಿ ಏನಾಗುತ್ತೆ ಅಂದ್ರು. ಅಮ್ಮನೂ ಆಗಲಿ ಅಂದ್ಲು. ಅವ್ಳು ಯಾವತ್ತು ಬೇಡ ಅಂದಿದ್ಲು? ಏಪ್ರಿಲ್‌ನಲ್ಲಿ ಹೊಟ್ಟೆ ಕೊಯ್ದು ನೋಡಿ, ಏನೂ ಮಾಡೋ ಹಾಗಿಲ್ಲ ಅಂತ ಹಾಗೇ ಹೊಲಿದು ಕಳಿಸಿದ್ರು.”

“ಡಾಕ್ಟ್ರು ಅಷ್ಟು ಅರ್ಜೆಂಟ್ ಅನ್ನಲಿಲ್ಲ,” ಎಂದರು ವಿಷ್ಣುತೀರ್ಥರು. ದನಿ ಸೋತಿತ್ತು. “ಇದೆಲ್ಲಾ ಯಾರಿಗೆ ಅಂತ ಕೂಡಿಟ್ಟೆ ನಾನು? ನನ್ನ ಕಾಲಾನಂತರ ನಿನಗೆ ಯಾರಿದ್ದಾರೆ ಅಂತ ತಾನೆ?”

“ಗೊತ್ತಪ್ಪ. ಜನವರಿಯಲ್ಲಿ ಆ ಹಣ ಕಳಿಸಿದ್ದು ನಿಮ್ಮ ಕೈ ಅಲ್ಲ. ನನ್ನದು. ನೀವು ಹೇಳಿದ್ರಿ, ನಾನು ಒತ್ತಿದೆ. ಒಂದ್ಸಲ ಆಗಲ್ಲ ಅಂದಿದ್ರೆ ನೀವೇನು ಮಾಡ್ತಿದ್ರಿ? ಫೋನು ಹಿಡ್ಕೊಳ್ಳೋಕೇ ಬರಲ್ಲ ನಿಮಗೆ.”

ಅವಳು ಅಳಲಿಲ್ಲ. ಭೋಜರಾಜರ ಕಡೆ ತಿರುಗಿ, “ತೃಷಾಳದು ಏನೂ ಇಲ್ಲ. ದಯವಿಟ್ಟು ಅದನ್ನ ಬರ್ಕೊಳ್ಳಿ,” ಎಂದಳು. ಆ ಹುಡುಗಿಯ ಕೆಲಸ ಆಗಲೇ ಹೋಗಿದೆ ಎಂದು ಅವರು ತಿಳಿಸಿದಾಗ ಮಾತ್ರ ಅವಳ ಮುಖ ಕಂದಿತು.

ವಿಷ್ಣುತೀರ್ಥರು ಇನ್ಸ್‌ಪೆಕ್ಟರರ ಕೈ ಹಿಡಿದುಕೊಂಡರು. “ಕೇಸ್ ವಾಪಸ್ ತಗೋತೀನಿ. ಅಪ್ಪ ಮಗಳ ವಿಷಯ ಇದು, ಬರೀ ಮನೆ ವಿಷಯ.”

“ಎಫ್‌ಐಆರ್ ಕೋರ್ಟಿಗೆ ಹೋಗಿದೆ ಸಾರ್. ಈಗ ನನ್ನ ಕೈಲಿಲ್ಲ. ಏನಿದ್ರೂ ಮ್ಯಾಜಿಸ್ಟ್ರೇಟ್ ಮುಂದೆ ಹೇಳಿ.”

ಹನ್ನೊಂದು ಗಂಟೆಗೆ ಸುಮೇಧಾಳನ್ನು ಬಂಧಿಸಲಾಯಿತು. ಬಂಧನದ ವಿಷಯವನ್ನು ಆರೋಪಿಯ ಹತ್ತಿರದ ಸಂಬಂಧಿಕರೊಬ್ಬರಿಗೆ ತಿಳಿಸಿ ಸಹಿ ಪಡೆಯಬೇಕು. ಯಾರಿಗೆ ತಿಳಿಸಲಿ ಎಂದು ಕಲಾವತಿ ಕೇಳಿದರು. ಸುಮೇಧಾ ಅಪ್ಪನ ಕಡೆ ಕೈ ತೋರಿಸಿದಳು. ಬೇರೆ ಯಾರೂ ಇರಲಿಲ್ಲ. ವಿಷ್ಣುತೀರ್ಥರು ಓದದೆ ಸಹಿ ಹಾಕಿದರು. ಜೀಪು ಹೊರಡುವಾಗ ಬಾಗಿಲಿಗೂ ಬರಲಿಲ್ಲ.

ಎಗ್ಮೋರ್ ಕೋರ್ಟಿನ ದಾರಿಯಲ್ಲಿ ಕಲಾವತಿ ತಡೆಯಲಾರದೆ ತಮಿಳಿನಲ್ಲಿ ಕೇಳಿದರು: “ಅಷ್ಟು ಕೋಪ ಇದ್ದರೆ ಯಾವುದಾದರೂ ಅನಾಥಾಲಯಕ್ಕಾದರೂ ಕೊಡಬಹುದಿತ್ತಲ್ಲಮ್ಮ?”

ಸುಮೇಧಾಳೂ ತಮಿಳಿನಲ್ಲೇ ಉತ್ತರಿಸಿದಳು.

“ಕೊಟ್ಟಿದ್ದರೆ ಅದು ಉಪಯೋಗಕ್ಕೆ ಬರ್ತಿತ್ತು. ಅಮ್ಮನಿಗೆ ಆಗದ ಹಣ ಯಾರಿಗೂ ಆಗೋದು ಬೇಡ ಅನ್ನಿಸ್ತು.”

ರಿಮಾಂಡ್ ವರದಿಯಲ್ಲಿ ಅಪರಾಧದ ಉದ್ದೇಶ ಎಂಬ ಕಡೆ ಭೋಜರಾಜ ‘ಕೌಟುಂಬಿಕ ಮನಸ್ತಾಪ’ ಎಂದು ಬರೆದರು. ‘ಆರ್ಥಿಕ ಲಾಭ’ ಎಂದು ಬರೆಯುವುದು ರೂಢಿ. ಆದರೆ ಈ ಪ್ರಕರಣದಲ್ಲಿ ಲಾಭವೆಂಬುದು ಯಾರಿಗೂ ಆಗಿರಲಿಲ್ಲ.