ಬಡಗಿಗೆ ಮೆತ್ತನೆಯ ಬ್ರಶ್

ಈ ತಿಂಗಳಲ್ಲಿ ಇದು ನಾಲ್ಕನೇ ಬ್ರಶ್. ಚಿಕ್ಕಪ್ಪನ ಔಷಧಿ ಅಂಗಡಿಯಲ್ಲಿ ಕೂರುವ ಅವಳಿಗೆ ಎದುರು ಸಾಲಿನ ಬಡಗಿಯ ಮೇಲೆ ಒಳಗೊಳಗೇ ಮನಸ್ಸಾಗಿತ್ತು. ಆದರೂ ಸೋಮವಾರಕ್ಕೊಂದು ಬ್ರಶ್ ಸವೆಸುವ ಗಂಡಸಿನ ಬಾಯಲ್ಲಿ ಹಲ್ಲು ಹೇಗೆ ಉಳಿದಿದೆಯೋ ಎಂಬ ಆತಂಕ ಬಿಟ್ಟಿರಲಿಲ್ಲ.

"ಇರೋದ್ರಲ್ಲೇ ಗಟ್ಟಿ ಬ್ರಶ್ ಕೊಡಿ. ದುಬಾರಿ ಆದ್ರೂ ಪರವಾಗಿಲ್ಲ."

ಅವನ ರೆಪ್ಪೆಯ ಮೇಲೆ ಮರದ ಪುಡಿ ಕೂತಿತ್ತು. ಊದಿಬಿಡಬೇಕೆನಿಸಿದ್ದನ್ನು ಅವಳು ಹೇಗೋ ತಡೆದುಕೊಂಡಳು.

"ಹೇಗೆ ಉಜ್ತೀರ, ತೋರಿಸಿ."

ಅವನು ಒಂದು ಕಾಲು ಮುಂದಿಟ್ಟು, ಮುಷ್ಟಿ ಬಿಗಿದು, ಗಾಳಿಯಲ್ಲೇ ಉದ್ದಕ್ಕೂ ತಿಕ್ಕಿದ.

"ಅದು ಹಲ್ಲು ಮಹಾರಾಯರೇ, ಕಿಟಕಿ ಚೌಕಟ್ಟಲ್ಲ. ರಕ್ತ ಬರುತ್ತಾ?"

"ಸ್ವಲ್ಪ. ಹಳೇ ಬಣ್ಣ ಹೋಗೋ ಹಾಗೆ ಕೊಳೆ ಹೋಗ್ತಿದೆ ಅಂದ್ಕೊಂಡೆ."

ಅವಳಿಗೆ ನಗುವೂ ಬಂತು, ಕನಿಕರವೂ ಬಂತು. ಕಪಾಟಿನ ಕೆಳಗಿನ ಅರೆಯಲ್ಲಿ ಅಗ್ಗದ ಬ್ರಶ್ ಇತ್ತು. ಮೆತ್ತನೆಯ ಎಳೆ, ಚಿಕ್ಕ ತಲೆ, ಕೈ ಜಾರದ ಹಿಡಿ. ಸರಿಯಾಗಿ ಉಜ್ಜಿದರೆ ಮೂರು ತಿಂಗಳು ಬಾಳುತ್ತದೆ. ಅಂದರೆ ಮೂರು ತಿಂಗಳು ಇವನ ಮುಖ ಕಾಣುವಂತಿಲ್ಲ. ಗಟ್ಟಿ ಬ್ರಶ್ಶನ್ನೇ ಕೊಟ್ಟರೆ ಚಿಕ್ಕಪ್ಪನಿಗೂ ಖುಷಿ, ತನಗೂ ಖುಷಿ. ಒಸಡಿನ ಗತಿ ಮಾತ್ರ ದೇವರೇ ಬಲ್ಲ.

ಅವಳು ಎದೆ ಗಟ್ಟಿ ಮಾಡಿಕೊಂಡು ಅಗ್ಗದ್ದನ್ನೇ ಕೊಟ್ಟಳು. "ಪೆನ್ಸಿಲ್ ಹಿಡಿದ ಹಾಗೆ ಹಿಡೀರಿ. ಒಸಡಿನ ಹತ್ತಿರ ಸಣ್ಣಗೆ ಸುತ್ತಿಸಿ, ಎರಡು ನಿಮಿಷ ಸಾಕು. ಇನ್ನು ಮೂರು ತಿಂಗಳು ಈ ಕಡೆ ಬರಬೇಕಾಗೇ ಇಲ್ಲ."

ಮಾತು ಮುಗಿಯುವಷ್ಟರಲ್ಲಿ ಇಬ್ಬರ ಮುಖವೂ ಸಪ್ಪಗಾಗಿತ್ತು.

ಮುಂದಿನ ಸೋಮವಾರ ಅವನು ಬರಲಿಲ್ಲ. ಅವಳು ಕೆಮ್ಮಿನವರಿಗೆ ಹೊಟ್ಟೆನೋವಿನ ಮಾತ್ರೆ ಕೊಡಲು ಹೋಗಿ ಚಿಕ್ಕಪ್ಪನಿಂದ ಬೈಸಿಕೊಂಡಳು.

ಮಂಗಳವಾರ ಅವನು ಬರಿಗೈಯಲ್ಲಿ ಬಂದು ನಿಂತ.

"ಏನು ಬೇಕಿತ್ತು?"

"ಏನೂ ಬೇಡ. ರಕ್ತ ನಿಂತಿದೆ. ಬ್ರಶ್ ಹೊಸದರ ಹಾಗೇ ಇದೆ, ಅದೇ ತೊಂದರೆ. ಬೇಕಂತಲೇ ಜೋರಾಗಿ ಉಜ್ಜೋಣ ಅಂದ್ರೆ ನೀವು ಬೈತೀರ ಅಂತ ಕೈಯೇ ಏಳಲ್ಲ." ಅವನು ಕೌಂಟರಿನ ಮರದ ಅಂಚನ್ನೇ ಸವರುತ್ತಿದ್ದ. "ನಿಮ್ಮನ್ನ ನೋಡೋಕೆ ಬೇರೆ ನೆಪ ಹೊಳೀಲಿಲ್ಲ."

"ನೆಪ ಯಾಕೆ ಬೇಕು? ನಂಗೂ ನೀವಂದ್ರೆ ಇಷ್ಟ. ಅದಕ್ಕೇ ಆ ಬ್ರಶ್ ಕೊಟ್ಟಿದ್ದು."

ಒಳಗೆ ಮಾತ್ರೆ ಜೋಡಿಸುತ್ತಿದ್ದ ಚಿಕ್ಕಪ್ಪ ತಲೆಯೆತ್ತದೆ ಹೇಳಿದರು: "ಹೊರಗೆ ಹೋಗಿ ಮಾತಾಡಿಕೊಳ್ಳಿ. ನಿಮ್ಮ ಹಿಂದೆ ಜ್ವರದವರು ಕಾಯ್ತಿದ್ದಾರೆ."

ಅವಳು ಕೌಂಟರು ಸುತ್ತಿಕೊಂಡು ಅವನ ಪಕ್ಕಕ್ಕೆ ಬಂದಳು. ಅವನ ಕಿವಿ ಕೆಂಪಗಾಗಿತ್ತು. ಇಬ್ಬರೂ ಮೆಟ್ಟಿಲಿಳಿದರು.