ಅಟ್ಟದ ಮೇಲಿನ ಮುತ್ತಿ, ಅಂಗಳದ ಬಾಣ

ಏಳು ಬೆಟ್ಟ ದಾಟಿದರೆ ಸಿಗುವ ನಾಡಿನಲ್ಲಿ, ಹಿಂದೆ ಬಹಳ ಹಿಂದೆ, ಅಲರುಗಿರಿ ಎಂಬ ಪುಟ್ಟ ರಾಜ್ಯವಿತ್ತು. ಅಲ್ಲಿನ ದೊರೆ ವಿಜಯಪಾಲ ಒಳ್ಳೆಯವನು. ಆದರೆ ರಾಜ್ಯದ ಅಂಚಿನ ಕರಿಬೆಟ್ಟದಲ್ಲಿ ಗರಳಾಕ್ಷನೆಂಬ ಮಾಂತ್ರಿಕನಿದ್ದ. ಅವನಿಗೆ ಅಲರುಗಿರಿಯ ಸಿಂಹಾಸನ ಬೇಕಿತ್ತು. ಯುದ್ಧ ಮಾಡಲು ಸೈನ್ಯವಿರಲಿಲ್ಲ, ಅದಕ್ಕೇ ಜನರನ್ನು ಹಸಿವಿನಿಂದ ಬಗ್ಗಿಸಲು ಹೊರಟ. ಅವನು ಒಲೆಯ ಬೂದಿಯನ್ನು ಮುಷ್ಟಿಯಲ್ಲಿ ಹಿಡಿದು ಮಂತ್ರ ಊದಿದರೆ ಅದು ಇಲಿಯಾಗುತ್ತಿತ್ತು. ಆ ಬೂದಿಯಿಲಿಗಳು ಬಿತ್ತನೆಯ ಬೀಜ ಬಿಟ್ಟು ಬೇರೇನನ್ನೂ ತಿನ್ನುತ್ತಿರಲಿಲ್ಲ. ಬೋನಿಗೆ ಬೀಳುತ್ತಿರಲಿಲ್ಲ, ವಿಷಕ್ಕೆ ಸಾಯುತ್ತಿರಲಿಲ್ಲ, ಮನುಷ್ಯರ ಕಣ್ಣಿಗೆ ಕಾಣುತ್ತಲೂ ಇರಲಿಲ್ಲ.

ಅವುಗಳನ್ನು ಕಾಣಬಲ್ಲ ಜೀವ ರಾಜ್ಯದಲ್ಲಿ ಒಂದೇ ಇತ್ತು. ಅದು ನೀಲಾಂಬೆಯ ಮನೆಯ ಬೂದುಬಣ್ಣದ ಬೆಕ್ಕು, ಮುತ್ತಿ. ಹಾಗಾಗಿ ಇಡೀ ರಾಜ್ಯದ ಬಿತ್ತನೆ ಬೀಜವನ್ನು ನೀಲಾಂಬೆಯ ಮನೆಯಲ್ಲೇ ದೊಡ್ಡ ದೊಡ್ಡ ಮಡಕೆಗಳಲ್ಲಿ ಇಡುತ್ತಿದ್ದರು. ನೆರಳು ಕಾಲಡಿಗೆ ಬರುವ ನಡುಹಗಲಿನಲ್ಲಿ ಇಲಿಗಳು ಬರುತ್ತಿದ್ದವು. ಮುತ್ತಿ ಪಂಜ ಎತ್ತಿದರೆ ಸಾಕು, ನೆಲದ ಮೇಲೆ ಒಂದು ಚಿಟಿಕೆ ಬೂದಿ ಉದುರುತ್ತಿತ್ತು.

ನೀಲಾಂಬೆಯ ಗಂಡ ಕಾಟಯ್ಯ ಅರಮನೆಯ ಬೇಟೆಗಾರ. ಹೋದ ವರ್ಷ ಕರಿಬೆಟ್ಟದ ಮಾಯಾಹಂದಿಯ ಕೋರೆಗೆ ಸಿಕ್ಕಿ ತೀರಿಕೊಂಡ. ಸಾಯುವುದಕ್ಕೆ ಎಂಟು ದಿನ ಮುಂಚೆ ಒಂದು ನಾಯಿಮರಿಯನ್ನು ರುಮಾಲಿನಲ್ಲಿ ಸುತ್ತಿ ತಂದು ಹೆಂಡತಿಯ ಮಡಿಲಿಗೆ ಹಾಕಿದ್ದ. ಬೆಳೆದರೆ ಬಾಣದ ಹಾಗೆ ಓಡುತ್ತಾನೆ ಎಂದು ಬಾಣನೆಂದೇ ಹೆಸರಿಟ್ಟಿದ್ದ.

ಬಾಣ ಬೆಳೆದ. ಉದ್ದ ಕಾಲು, ಸಣ್ಣ ನಡು, ನಿಲ್ಲಲು ಗೊತ್ತಿಲ್ಲದ ಮೈ. ಎದುರಿಗೆ ಏನು ಓಡಿದರೂ ಅದರ ಹಿಂದೆ ಓಡುವುದು ಅವನ ಹುಟ್ಟುಗುಣ. ಮುತ್ತಿ ಓಡುತ್ತಿದ್ದಳು, ಇವನು ಅಟ್ಟಿಸುತ್ತಿದ್ದ. ಅವನಿಗೆ ಅದು ಆಟ, ಅವಳಿಗೆ ಪ್ರಾಣಸಂಕಟ. ಮೊದಮೊದಲು ಬೆನ್ನು ಬಿಲ್ಲಾಗಿಸಿ ಎದುರು ನಿಂತಳು. ಆಮೇಲೆ ಓಡಿದಳು. ಕೊನೆಗೊಂದು ದಿನ ಅಟ್ಟ ಹತ್ತಿದವಳು ಇಳಿಯಲೇ ಇಲ್ಲ. ನೀಲಾಂಬೆ ಏಣಿ ಹತ್ತಿ ಇಟ್ಟುಬಂದ ಹಾಲು ಬಟ್ಟಲಲ್ಲೇ ಒಡೆಯಿತು. ಕೆಳಗೆ ಬೂದಿಯಿಲಿಗಳಿಗೆ ಹಬ್ಬವಾಯಿತು. ಮೂರು ಮಡಕೆ ಬೀಜ ಹೊಟ್ಟಾಯಿತು.

ಸುದ್ದಿ ತಿಳಿದು ದೊರೆ ತಾನೇ ಬಂದ. ಬಿತ್ತನೆಗೆ ಇನ್ನು ಹತ್ತೇ ದಿನ ಉಳಿದಿತ್ತು. ಬರಿದಾದ ಮಡಕೆಗಳನ್ನು ನೋಡಿ, ನಾಯಿಯನ್ನು ಹೊಳೆಯಾಚೆಯ ಕೋಟೆಗೆ ಕಳಿಸಿಬಿಡು ಎಂದ. ಅಲ್ಲಿಗೆ ಹೋದ ನಾಯಿಗಳು ಮರಳುವುದಿಲ್ಲ ಎಂಬುದು ನೀಲಾಂಬೆಗೆ ಗೊತ್ತಿತ್ತು.

"ದೊರೆ, ಅವರು ಕೊನೆಗೆ ನನ್ನ ಕೈಗೆ ಕೊಟ್ಟದ್ದು ಇದೊಂದೇ ಜೀವ," ಎಂದಳು. "ಹತ್ತು ದಿನ ಕೊಡಿ. ಅಷ್ಟರೊಳಗೆ ಮುತ್ತಿ ಇಳಿಯದಿದ್ದರೆ ನಾನೇ ಇವನನ್ನು ಹೊಳೆ ದಾಟಿಸುತ್ತೇನೆ."

ದೊರೆ ಒಪ್ಪಿದ.

ಮಾರನೆಯ ದಿನ ಬಾಣ ಮತ್ತೆ ಅಟ್ಟದ ಏಣಿಗೆ ಕಾಲಿಟ್ಟು ಬೊಗಳಿದಾಗ ನೀಲಾಂಬೆ ಸಿಟ್ಟಿನಿಂದ ಕೋಲು ತೆಗೆದು ಒಂದೇಟು ಹಾಕಿದಳು. ಅವನು ಕುಂಯ್ಗುಟ್ಟಿ ಮೂಲೆ ಸೇರಿದ. ಅವಳು ಅತ್ತ ತಿರುಗಿದ್ದೇ ತಡ, ಮತ್ತೆ ಏಣಿಯ ಕೆಳಗಿದ್ದ. ಈಗ ಮುತ್ತಿಯನ್ನು ಕಂಡರೆ ಬೊಗಳುವುದಲ್ಲ, ಗುರುಗುಡುತ್ತಿದ್ದ. ಬೆಕ್ಕಿನಿಂದಲೇ ತನಗೆ ಪೆಟ್ಟು ಬಿದ್ದದ್ದು ಎಂದುಕೊಂಡಿದ್ದ. ನೀಲಾಂಬೆ ಕೋಲನ್ನು ಒಲೆಗೆ ಹಾಕಿದಳು. ಬಾಣನನ್ನು ಕಟ್ಟಿ, ಕಾಡಿನ ಹಾದಿ ಹಿಡಿದಳು.

ಕಾಡಿನ ನಡುವಿನ ಕೊಳದ ಬಳಿ ಮಾತಾಡುವ ಮುದಿ ಹುಲಿ ಇತ್ತು. ಬೇಸಗೆಯಲ್ಲಿ ಜಿಂಕೆಗಳೂ ಅದರ ಪಕ್ಕದಲ್ಲೇ ನೀರು ಕುಡಿಯುತ್ತವೆ ಎಂದು ಕಾಟಯ್ಯ ಹೇಳಿದ್ದನ್ನು ಅವಳು ಕೇಳಿದ್ದಳು. ಹುಲಿಯಜ್ಜಿಗೆ ಕೈಮುಗಿದು, ಬೇಟೆಯ ಜೀವ ಬೇಟೆಯನ್ನು ಬಿಡುವುದು ಹೇಗೆ ಎಂದು ಕೇಳಿದಳು.

"ಓಡುವ ಆಸೆಯನ್ನು ಯಾರೂ ಕಿತ್ತುಹಾಕಲಾರರು ಮಗಳೇ," ಎಂದಿತು ಹುಲಿ. "ದಿನಾ ಬೆಳಿಗ್ಗೆ ಅವನನ್ನು ಬಯಲಲ್ಲಿ ದಣಿಯುವಷ್ಟು ಓಡಿಸು. ಬೆಕ್ಕಿಗೆ ಅವನು ಮುಟ್ಟಲಾಗದ ಎತ್ತರದ ದಾರಿ ಮಾಡು. ಆಮೇಲೆ ಅವನ ಕಣ್ಣು ನೋಡುತ್ತಿರು. ನೆಗೆಯುವ ಮುಂಚೆ ಅವನು ಬೆಕ್ಕನ್ನು ನೋಡುತ್ತಾನಲ್ಲ, ಆ ಒಂದು ರೆಪ್ಪೆ ಬಡಿಯುವಷ್ಟು ಹೊತ್ತು ನಿನ್ನದು. ಆಗ ಕರೆ. ತಿರುಗಿ ಬಂದರೆ, ಬಂದದ್ದು ಲಾಭವಾಯಿತು ಅನ್ನಿಸುವಂತೆ ಮಾಡು."

ಗರಳಾಕ್ಷನ ಗುಟ್ಟನ್ನೂ ಹುಲಿ ಹೇಳಿತು. ಅವನ ಶಕ್ತಿಯೆಲ್ಲ ಒಂದು ಕರಿಯ ದೊಡ್ಡಿಲಿಯಲ್ಲಿದೆ. ಅದು ಬೀಜದ ಕೋಣೆಯ ಗೋಡೆಯೊಳಗೇ ಎಲ್ಲೋ ಅಡಗಿರುತ್ತದೆ, ಬೆಕ್ಕಿನ ಪಂಜಕ್ಕೆ ನಿಲುಕುವುದಿಲ್ಲ.

ನೀಲಾಂಬೆ ಮನೆಗೆ ಬಂದು ಅಟ್ಟದಿಂದ ಬೀಜದ ಕೋಣೆಯವರೆಗೆ ಗೋಡೆಗೆ ಹಲಗೆ ಹೊಡೆದಳು. ದಿನಾ ಬೆಳಿಗ್ಗೆ ಬಾಣನೊಡನೆ ಬಯಲಿಗೆ ಹೋದಳು. ಸೆರಗಿನಲ್ಲಿ ಒಣಮಾಂಸದ ಚೂರು ಕಟ್ಟಿಕೊಂಡು ಪರೀಕ್ಷೆಗೆ ಕೂತಳು.

ಮೊದಲ ಪರೀಕ್ಷೆ ಗಿಡ್ಡ ಹಗ್ಗದಲ್ಲಿ. ಮುತ್ತಿ ಹಲಗೆಯ ಮೇಲೆ ಕಾಣಿಸಿಕೊಂಡಳು. ಬಾಣನ ಕಿವಿ ನೆಟ್ಟಗಾಯಿತು. "ಬಾ ಬಾಣ" ಎಂದಳು ನೀಲಾಂಬೆ. ಅವನು ತಿರುಗಲಿಲ್ಲ. ನೂರು ಸಲ ಕರೆದಳು. ಮೂರನೆಯ ದಿನ ತಿರುಗಿದ. ಮಾಂಸದ ಚೂರು ಬಾಯಿಗೆ ಬಿತ್ತು.

ಎರಡನೆಯ ಪರೀಕ್ಷೆ ಉದ್ದ ಹಗ್ಗದಲ್ಲಿ. ಈ ಸಲ ಮುತ್ತಿ ಹಲಗೆಯ ಮೇಲೆ ಓಡಿದಳು. ಬಾಣನ ಮೈ ನಡುಗಿತು, ಒಂದು ಹೆಜ್ಜೆ ಇಟ್ಟ. "ಬಾ ಬಾಣ" ಎಂದಳು. ಬಂದ.

ಮೂರನೆಯದು ಹಗ್ಗವಿಲ್ಲದ ಪರೀಕ್ಷೆ. ಏಳನೆಯ ದಿನ ಮುತ್ತಿ ಧೈರ್ಯಮಾಡಿ ನೆಲಕ್ಕಿಳಿದಳು. ಕರೆ ಕಿವಿಗೆ ಬೀಳುವ ಮೊದಲೇ ಬಾಣ ಹಾರಿದ್ದ. ಮಡಕೆ ಉರುಳಿತು, ಮುತ್ತಿ ಅವನ ಮೂತಿ ಪರಚಿ ಅಟ್ಟ ಸೇರಿದಳು. ನೀಲಾಂಬೆ ಚೆಲ್ಲಿದ ಬೀಜದ ನಡುವೆ ಕೂತು ಅತ್ತಳು. ಗಂಡ ಸತ್ತಾಗ ಬಂದವರೆದುರು ಅಳಲಾಗದೆ ಉಳಿದದ್ದೆಲ್ಲ ಆಗ ಹೊರಬಂತು. ಬಾಣ ರಕ್ತ ಒಸರುವ ಮೂಗನ್ನು ಅವಳ ಮೊಣಕಾಲಿಗೆ ಒತ್ತಿ ನಿಂತ. ಅವನಿಗೇನು ಗೊತ್ತು? ಅವನಿನ್ನೂ ಕೂಸು. ಅವಳು ಅರಿಶಿನ ತಂದು ಗಾಯಕ್ಕೆ ಹಚ್ಚಿದಳು. ಹಗ್ಗ ಕಟ್ಟಿ, ಮೊದಲ ಪರೀಕ್ಷೆಯಿಂದಲೇ ಮತ್ತೆ ಶುರುಮಾಡಿದಳು.

ಇದನ್ನೆಲ್ಲ ಕರಿಬೆಟ್ಟದಿಂದ ಗರಳಾಕ್ಷ ನೋಡುತ್ತಿದ್ದ. ನಾಯಿ ಪಳಗಿದರೆ ತನ್ನ ಆಟ ಮುಗಿಯಿತೆಂದು ಅವನಿಗೆ ದಿಗಿಲಾಯಿತು. ಬಾಣ ಮತ್ತೊಮ್ಮೆ ಅಟ್ಟಿಸಿದರೆ ಮುತ್ತಿ ಇನ್ನೆಂದೂ ಕೆಳಗಿಳಿಯಲಾರಳು ಎಂದು ಲೆಕ್ಕ ಹಾಕಿ, ಹತ್ತನೆಯ ದಿನ ನಡುಹಗಲಿಗೆ ತಾನೇ ಬೆಕ್ಕಿನ ರೂಪ ತಾಳಿ ಬಂದ.

ಬೀಜದ ಕೋಣೆಯ ಬಾಗಿಲಲ್ಲಿ ದೊರೆ ಭಟರೊಂದಿಗೆ ನಿಂತಿದ್ದ. ಬಾಣನಿಗೆ ಹಗ್ಗವಿರಲಿಲ್ಲ. ಮುತ್ತಿ ಹಲಗೆಯ ಮೇಲೆ ಕೂತು ನೆಲ ನೋಡುತ್ತಿದ್ದಳು. ಅಷ್ಟರಲ್ಲಿ ಮಾಯದ ಬೆಕ್ಕು ಬಾಣನ ಮೂಗಿಗೆ ತಾಗುವಷ್ಟು ಹತ್ತಿರದಿಂದ ಚಂಗನೆ ಅಂಗಳಕ್ಕೆ ಓಡಿತು. ನೀಲಾಂಬೆಗೆ ಕರೆಯಲು ಹೊತ್ತೇ ಸಿಗಲಿಲ್ಲ. ಬಾಣನ ಮುಂಗಾಲು ಮೇಲೆದ್ದಿತು. ಹಾಗೇ ಗಾಳಿಯಲ್ಲಿ ನಿಂತಿತು. ಅವನು ಕತ್ತು ತಿರುಗಿಸಿ ನೀಲಾಂಬೆಯ ಮುಖ ನೋಡಿದ.

ಅಟ್ಟಿಸುವವರಿಲ್ಲದೆ ಮಾಯದ ಬೆಕ್ಕು ಅಂಗಳದ ನಡುವೆ ಪೆಚ್ಚಾಗಿ ನಿಂತಿತು. ಮುತ್ತಿ ಅದನ್ನೂ ನೋಡಿದಳು, ಬಾಣನನ್ನೂ ನೋಡಿದಳು. ಮೆಲ್ಲನೆ ನೆಲಕ್ಕಿಳಿದು ಅವನ ಪಕ್ಕದಲ್ಲೇ ಹಾದು ಮಡಕೆಗಳತ್ತ ನಡೆದಳು. ಒಂದು, ಎರಡು, ಹತ್ತು, ಇಪ್ಪತ್ತು: ನೆಲದ ತುಂಬ ಬೂದಿ ಉದುರಿತು. ಕೊನೆಗೆ ಗೋಡೆಯ ಒಂದು ಬಿರುಕಿನ ಮುಂದೆ ಕೂತು, ಪಂಜ ತೂರಿಸಿ, ನಿಲುಕದೆ ಹಿಂದೆ ತೆಗೆದಳು. ಬಾಣ ಹತ್ತಿರ ಬಂದು ಮೂಸಿದ. ಅವನಿಗೆ ಇಲಿ ಕಾಣದಿದ್ದರೂ ಅದರ ವಾಸನೆ ಸಿಕ್ಕಿತು. ಎರಡು ಕಾಲಿನಿಂದ ಮಣ್ಣಿನ ಗೋಡೆಯನ್ನು ಕೆರೆದು ಕೆರೆದು ಬೀಳಿಸಿದ. ಕರಿಯ ದೊಡ್ಡಿಲಿ ಹೊರಗೆ ನೆಗೆಯಿತು, ಮುತ್ತಿಯ ಬಾಯಿಗೆ ಬಿತ್ತು.

ಅಂಗಳದಲ್ಲಿದ್ದ ಮಾಯದ ಬೆಕ್ಕು ಕರಗಿತು. ಅಲ್ಲೊಬ್ಬ ಬಡಕಲು ಮುದುಕ ನೆಲ ಹಿಡಿದು ಕೂತಿದ್ದ. ಅವನ ಬಾಯಲ್ಲಿ ಒಂದು ಮಂತ್ರವೂ ಉಳಿದಿರಲಿಲ್ಲ. ಭಟರು ಕತ್ತಿ ಹಿರಿದರು.

ನೀಲಾಂಬೆ ಅವನನ್ನು ನೋಡಿದಳು. ಗಂಡನನ್ನು ಕೊಂದ ಹಂದಿಯನ್ನು ಕಳಿಸಿದವನು ಇವನೇ. ಆದರೂ ಅವಳು ಕತ್ತಿಗಳಿಗೆ ಅಡ್ಡ ಬಂದು ನಿಂತಳು.

"ಹೊಡೆದು ಯಾರಿಗೂ ಏನೂ ಕಲಿಸಲು ನನ್ನಿಂದ ಆಗಲಿಲ್ಲ ದೊರೆ," ಎಂದಳು. "ಇವನಿಗೆ ಕೆಲಸ ಕೊಡಿ. ಬುಟ್ಟಿ ಹೆಣೆಯಲಿ."

ದೊರೆ ಹಾಗೇ ಮಾಡಿದ. ಸಂಜೆಯೊಳಗೆ ಉಳಿದ ಬೀಜವನ್ನು ಊರೂರಿಗೆ ಹಂಚಿದರು. ಕಡಿಮೆ ಬಿದ್ದವರಿಗೆ ಹೆಚ್ಚಿದ್ದವರು ಕೊಟ್ಟರು. ಮರುದಿನ ಬಿತ್ತಿದರು, ಮಳೆ ಬಂತು, ಪೈರು ಎದ್ದಿತು. ಅಲರುಗಿರಿಯಲ್ಲಿ ಆ ವರ್ಷ ಹಸಿದು ಮಲಗಿದವರು ಯಾರೂ ಇಲ್ಲ. ನೀಲಾಂಬೆಯ ಜಗುಲಿಯ ಬಿಸಿಲಲ್ಲಿ ಬಾಣ ಕಾಲು ಚಾಚಿ ಮಲಗಿದರೆ, ಮುತ್ತಿ ಅವನ ಹೊಟ್ಟೆಗೆ ಬೆನ್ನು ಕೊಟ್ಟು ನಿದ್ದೆ ಮಾಡುತ್ತಿದ್ದಳು. ಅವಳು ಏಳುವವರೆಗೂ ಅವನು ಮಗ್ಗುಲು ಬದಲಿಸುತ್ತಿರಲಿಲ್ಲವಂತೆ.