ಬರೆಯದೆ ಬಿಟ್ಟ ಸೊನ್ನೆ

ಬೆಳಿಗ್ಗೆ ಹತ್ತಕ್ಕೆ ಮೀನು ಸಾಕುವವನೊಬ್ಬ ಪತ್ರಿಕಾ ಕಚೇರಿಗೆ ನುಗ್ಗಿ, ಒಂದು ಬಕೆಟ್ ಸತ್ತ ಮೀನನ್ನು ಸಂಪಾದಕರ ಮೇಜಿನ ಮೇಲೆ ಸುರಿದ. ಸುತ್ತ ನೆರೆದವರೆಲ್ಲ ಮೂಗು ಮುಚ್ಚಿಕೊಂಡರೇ ಹೊರತು ಒಬ್ಬರ ಬಾಯಲ್ಲೂ ಅಯ್ಯೋ ಎಂಬ ಮಾತು ಬರಲಿಲ್ಲ. ಆ ಕಚೇರಿಯಲ್ಲಿ ಯಾರಿಗೂ ಯಾರನ್ನು ಕಂಡರೂ ಆಗುತ್ತಿರಲಿಲ್ಲ. ಇವತ್ತು ಯಾರ ತಲೆ ಉರುಳುತ್ತದೆ ಎಂಬುದಷ್ಟೇ ಎಲ್ಲರ ಕುತೂಹಲ.

"ನಿಮ್ಮ ಪೇಪರ್ ನಂಬಿ ಕೊಳಕ್ಕೆ ಔಷಧಿ ಹಾಕ್ದೆ. ಸಾವಿರ ಲೀಟರಿಗೆ ಐದು ಗ್ರಾಂ ಅಂತ ಹಾಕಿದೀರಿ. ಹಾಕ್ಬೇಕಾಗಿದ್ದು ಅರ್ಧ ಗ್ರಾಮಂತೆ!" ಎಂದು ಅವನು ಕೂಗಿದ. "ಎಂಟು ಗಂಟೆಗೇ ಪೇಪರಲ್ಲಿದ್ದ ನಂಬರಿಗೆ ಫೋನ್ ಮಾಡಿದ್ದೆ. ಯಾರೋ 'ನೋಡ್ತೀವಿ' ಅಂತ ಪಟ್ಟಂತ ಇಟ್ಬಿಟ್ರು."

ಸಂಪಾದಕರು ವರದಿಗಾರ್ತಿಯನ್ನು ಕರೆಸಿ, ಕಂಪ್ಯೂಟರಿನಲ್ಲಿದ್ದ ಅವಳ ವರದಿಯನ್ನು ಎಲ್ಲರೆದುರು ತೆರೆದರು. ಅಲ್ಲಿ '.5 ಗ್ರಾಂ' ಎಂದಿತ್ತು.

"ಚುಕ್ಕೆ ಮುಂಚೆ ಸೊನ್ನೆ ಹಾಕ್ಬೇಕು ಅಂತ ಗೊತ್ತಿಲ್ವಾ ನಿಂಗೆ? ಪುಟ ಕಟ್ಟುವಾಗ ಚುಕ್ಕೆ ಬಿದ್ಹೋಗಿ ಐದು ಆಗಿದೆ. ಮಧ್ಯಾಹ್ನ ಒಂದು ಗಂಟೆಯೊಳಗೆ ರಾಜೀನಾಮೆ ಕೊಡು."

"ನಾನು ಅಂಕಿ ಬರೆದೇ ಇಲ್ಲ ಸಾರ್. 'ಅರ್ಧ' ಅಂತ ಅಕ್ಷರದಲ್ಲೇ ಬರೆದಿದ್ದೆ."

"ಕಣ್ಣೆದುರಿಗಿರೋದು ಸುಳ್ಳಾ?"

ಹುಡುಗಿ ಎರಡು ವರ್ಷ ಪುರವಣಿಗೆ ಬಿಟ್ಟಿ ಬರೆದು ಗಿಟ್ಟಿಸಿಕೊಂಡ ಕೆಲಸ ಅದು. ಮೀನು ಕೊಂದವಳೆಂಬ ಹೆಸರು ಹೊತ್ತು ಹೋದರೆ ಬೇರೆ ಯಾವ ಪತ್ರಿಕೆಯೂ ಅವಳನ್ನು ಹತ್ತಿರ ಸೇರಿಸುವಂತಿರಲಿಲ್ಲ.

ಮೂಲೆಯಲ್ಲಿ ಕರಡಿ ನಿಂತಿದ್ದ. ಕರಡು ತಿದ್ದುವವನಾದ್ದರಿಂದ ಕಚೇರಿಯವರು ಅವನಿಗಿಟ್ಟ ಹೆಸರು ಕರಡಿ. ಹಿಂದಿನ ಸಂಜೆ ಆ ಪುಟ ಓದಿದ್ದವನು ಅವನೇ. ಏನಿತ್ತೆಂದು ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಅವನು ನೇರ ಕತ್ತರಿಯಕ್ಕನ ಮೇಜಿಗೆ ಹೋದ.

ಕತ್ತರಿಯಕ್ಕ ಸುದ್ದಿ ತಿದ್ದುವ ವಿಭಾಗದ ಮುಖ್ಯಸ್ಥೆ. ಅವಳ ನಿಯಮ ನಿಯಮವೇ: ಒಂದರಿಂದ ಒಂಬತ್ತು ಅಕ್ಷರದಲ್ಲಿ, ಹತ್ತರಿಂದ ಮುಂದೆ ಅಂಕಿಯಲ್ಲಿ. ಅಳತೆ ಮಾತ್ರ ಯಾವಾಗಲೂ ಅಂಕಿಯಲ್ಲಿ. ವಾಕ್ಯ ಅಂಕಿಯಿಂದ ಶುರುವಾಗಕೂಡದು. ಚುಕ್ಕೆಗೆ ಮುಂಚೆ ಸೊನ್ನೆ ಇರಲೇಬೇಕು. ತಪ್ಪಿದವರ ವಾಕ್ಯವನ್ನು ಎಲ್ಲರೆದುರು ಗಟ್ಟಿಯಾಗಿ ಓದಿ ಮಾನ ಕಳೆಯುತ್ತಿದ್ದಳು. ಅವಳ ಬೆನ್ನ ಹಿಂದೆ ಹಲ್ಲು ಕಡಿಯದವರಿರಲಿಲ್ಲ. ಹಿಂದೊಮ್ಮೆ ಕಚೇರಿಯ ಸುದ್ದಿಯನ್ನು ಕದ್ದು ಮಾರುತ್ತಿದ್ದವನನ್ನು ಹಿಡಿದವಳೂ ಅವಳೇ. ಆಗಲೂ ಕರಡಿ ಜೊತೆಗಿದ್ದ.

"ನೀನು ಓದಿದ ಕರಡು ಎಲ್ಲಿ?" ಎಂದಳು.

"ಕಟ್ಟಿನಲ್ಲಿ ಹನ್ನೊಂದು ಪುಟ ಇವೆ ಅಕ್ಕ. ಅದೊಂದೇ ಇಲ್ಲ."

ಅವಳು ಆ ಹನ್ನೊಂದನ್ನೂ ತರಿಸಿಕೊಂಡು ಕೆಂಪು ಶಾಯಿಯ ತಿದ್ದುಪಡಿಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ವರದಿಯ ಜೊತೆ ಅಚ್ಚಾಗಿದ್ದ ಚಿತ್ರಕ್ಕೆ ಬೆರಳಿಟ್ಟಳು. ಒಂದು ಗ್ರಾಮಿನ ಅಳತೆ ಚಮಚ, ಅದರಲ್ಲಿ ಅರ್ಧದವರೆಗೆ ಮಾತ್ರ ಪುಡಿ. ಚಿತ್ರಗಾರನನ್ನು ಕೇಳಿದರೆ, "ವರದಿ ಬಂದ ದಿನವೇ ಓದಿ ಬರೆದೆ. ಅರ್ಧ ಅಂತಿತ್ತು, ಅರ್ಧ ತುಂಬಿಸ್ದೆ. ನಂದೇನು ತಪ್ಪು?" ಎಂದು ಸಿಡುಕಿದ. ಪುಟ ಕಟ್ಟುವವನನ್ನು ಕೇಳಿದರೆ, ಮುಖ ಎತ್ತದೆ "ನೆನಪಿಲ್ಲ" ಎಂದ.

ಕಂಪ್ಯೂಟರಿನಲ್ಲಿ ಹುಡುಗಿಯ ವರದಿಯನ್ನು ಕೊನೆಯ ಸಲ ತಿದ್ದಿದ ಹೊತ್ತು ಅವತ್ತು ಬೆಳಿಗ್ಗೆ ಎಂಟು ಇಪ್ಪತ್ತು. ಅದೇ ವರದಿಯ ಕೆಳಗೆ, ಕೊಳದ ನೀರು ಸೋಸುವ ಜಾಲರಿಯ ಕಣ್ಣಿನ ಅಳತೆ '0.2 ಮಿಲಿಮೀಟರ್' ಎಂದಿತ್ತು.

ಇನ್ನೇನು ಸಂಪಾದಕರ ಕೋಣೆಗೆ ಹೊರಡಬೇಕು, ಕತ್ತರಿಯಕ್ಕ ಸೂಚನಾ ಫಲಕದೆದುರು ನಿಂತುಬಿಟ್ಟಳು. ಸಂಪಾದಕರು ಕೈಯಾರೆ ಬರೆದು ಅಂಟಿಸಿದ್ದ ಚೀಟಿ ಅಲ್ಲಿತ್ತು: 'ನಮ್ಮ ಪ್ರಸಾರ .7 ಲಕ್ಷಕ್ಕೆ ಕುಸಿದಿದೆ. ನಿಮ್ಮಂಥ ಸೋಮಾರಿಗಳೇ ಇದಕ್ಕೆ ಕಾರಣ.' ದಿನವೂ ಬೈಸಿಕೊಳ್ಳುವುದನ್ನು ಇಷ್ಟು ಹೊತ್ತು ಓದುವುದೇನಿದೆ ಎಂದು ಕರಡಿಗೆ ಸಿಟ್ಟು ಬಂತು. ಗಡಿಯಾರ ಹನ್ನೆರಡೂವರೆ ದಾಟಿತ್ತು.

ಒಂದಕ್ಕೆ ಹತ್ತು ನಿಮಿಷವಿರುವಾಗ ಎಲ್ಲರೂ ಸಂಪಾದಕರ ಕೋಣೆಯಲ್ಲಿ ಸೇರಿದರು. ಮೀನಿನವನು ಬಾಗಿಲಿಗೆ ಒರಗಿ ನಿಂತಿದ್ದ.

"ನಿಮ್ಮ ಪಾಠ ಕೇಳೋಕೆ ಪುರುಸೊತ್ತಿಲ್ಲ," ಎಂದರು ಸಂಪಾದಕರು.

"ಪಾಠ ಬೇಕಾಗಿದ್ದು ನಿಮಗೇ," ಎಂದಳು ಕತ್ತರಿಯಕ್ಕ. "ಚಿತ್ರಗಾರ ಓದಿದ್ದು 'ಅರ್ಧ'. ಅಂದ್ರೆ ಹುಡುಗಿ ಅಕ್ಷರದಲ್ಲೇ ಬರೆದಿದ್ಲು. ಅಂಕಿ ಬರೆಯೋ ಕಡೆ ಅವಳು ಸೊನ್ನೆ ಬಿಡೋದಿಲ್ಲ, ಜಾಲರಿ ಅಳತೆ ನೋಡಿ. ಹಾಗಾದ್ರೆ ಈ '.5' ಯಾರೋ ಆಮೇಲೆ ತುರುಕಿದ್ದು. ಅದೂ ಎಂಟು ಇಪ್ಪತ್ತಕ್ಕೆ. ಮೀನು ಸತ್ತಿದ್ದು ಕಚೇರಿಗೆ ಗೊತ್ತಾಗಿದ್ದು ಹತ್ತಕ್ಕೆ. ಅದಕ್ಕೂ ಮುಂಚೆ ಗೊತ್ತಿದ್ದಿದ್ದು ಎಂಟಕ್ಕೆ ಈ ಮೀನಿನವರ ಫೋನ್ ಎತ್ತಿದವರೊಬ್ಬರಿಗೇ. ನಮ್ಮ ಪೇಪರಲ್ಲಿ ಅಚ್ಚಾಗೋ ನಂಬರ್ ಒಂದೇ ಒಂದು. ಅದು ಈ ಮೇಜಿನ ಮೇಲಿದೆ."

ಅವಳು ಸಂಪಾದಕರ ಮುಂದಿದ್ದ ಫೋನಿನ ಕಡೆ ಬೆರಳು ತೋರಿಸಿದಳು.

"ಅಳತೆ ಯಾವಾಗ್ಲೂ ಅಂಕಿಯಲ್ಲಿರಬೇಕು ಅನ್ನೋ ನಿಯಮ ನಿಮಗೆ ನೆನಪಾಯ್ತು. ಕರಡಿ ಓದಿ ಮುಗಿಸಿದ ಮೇಲೆ 'ಅರ್ಧ' ಹೊಡೆದು ಪೆನ್ನಲ್ಲಿ '.5' ಬರೆದ್ರಿ. ಪುಟ ಕಟ್ಟೋನಿಗೆ ಚುಕ್ಕೆ ಕಾಣಲಿಲ್ಲ. ಸೊನ್ನೆ ಇದ್ದಿದ್ರೆ ತಡೆದು ಕೇಳ್ತಿದ್ದ. ಉಳಿದ ಹನ್ನೊಂದು ಕರಡಲ್ಲಿ ನನ್ನ ವಿಭಾಗದವರು ಒಬ್ಬರೂ ಸೊನ್ನೆ ಬಿಟ್ಟಿಲ್ಲ. ಈ ಕಚೇರೀಲಿ ಸೊನ್ನೆ ಬಿಡೋ ಕೈ ಒಂದೇ, ಹೊರಗಡೆ ಫಲಕದ ಮೇಲಿದೆ. ನಿಯಮ ನಿಮ್ಮ ಬಾಯಿಗೆ ಬರುತ್ತೆ, ಕೈಗೆ ಬರಲ್ಲ."

"ಸಾಕ್ಷಿ ಇದೆಯಾ?" ಸಂಪಾದಕರು ಮೇಜು ಗುದ್ದಿದರು. "ಯಾವ ಕರಡು? ತೋರಿಸಿ!"

"ನಾನು ನೋಡಿದೀನಿ," ಎಂದ ಪುಟ ಕಟ್ಟುವವನು, ಹಿಂದಿನಿಂದ. ಅವನು ಮುಂದೆ ಬಂದ. "ಕೆಂಪು ಪೆನ್ನು ಸೋರಿದ್ದು ಅಂದ್ಕೊಂಡೆ ಆ ಚುಕ್ಕೇನ. ಬೆಳಿಗ್ಗೆ ಇವರೇ ಕರೆದು, ಆ ಕರಡು ಈಸ್ಕೊಂಡು, ಕೆಲಸ ಉಳೀಬೇಕಂದ್ರೆ ಬಾಯ್ಮುಚ್ಕೊಂಡಿರು ಅಂದ್ರು."

ಸಂಪಾದಕರ ಮುಖ ಕಪ್ಪಿಟ್ಟಿತು. ಕರಡಿಗೆ ಕನಿಕರ ಹುಟ್ಟಲಿಲ್ಲ. ಒಂದು ತಪ್ಪನ್ನು ಯಾರಾದರೂ ಕ್ಷಮಿಸುತ್ತಿದ್ದರು. ಅದನ್ನು ಕೂಸಿನಂಥ ಹುಡುಗಿಯ ತಲೆಗೆ ಕಟ್ಟಿದ್ದನ್ನು ಅವನಿಂದ ಕ್ಷಮಿಸಲಾಗಲಿಲ್ಲ.

ಕತ್ತರಿಯಕ್ಕ ಬರೆದು ತಂದಿದ್ದ ತಪ್ಪೊಪ್ಪಿಗೆಯನ್ನು ಮುಂದಿಟ್ಟಳು. "ನಾಳೆ ಮುಖಪುಟಕ್ಕೆ. ನಿಮ್ಮ ಸಹಿ ಹಾಕಿ."

ಸಂಪಾದಕರು ಹಲ್ಲು ಕಚ್ಚಿ ಸಹಿ ಹಾಕಿದರು. ವರದಿಗಾರ್ತಿ ಅದನ್ನು ಎತ್ತಿಕೊಂಡು ಓದಿದಳು. "ಇದರಲ್ಲಿ 'ಸುಮಾರು ಎರಡು ಸಾವಿರ ಮೀನು' ಅಂತಿದೆ. ಸುಮಾರು ಅಂದ್ರೆ ಎಷ್ಟು?"

"ಎಣಿಸೋಕೆ ಮನಸ್ಸು ಬರಲಿಲ್ಲಮ್ಮ," ಎಂದ ಮೀನಿನವನು. ಆಮೇಲೆ ಸಂಪಾದಕರ ಕಡೆ ತಿರುಗಿ ಖಾಲಿ ಬಕೆಟ್ಟನ್ನು ಅವರ ಕೈಗೆ ತುರುಕಿದ. "ಇವರೇ ಬಂದು ಎಣಿಸ್ಲಿ."

ಮೀನಿನವನು, ಸಂಪಾದಕರು, ಹುಡುಗಿ ಮೂವರೂ ಕೊಳದ ಕಡೆ ಹೊರಟರು. ಸಂಜೆ ಐದಕ್ಕೆ ಫೋನ್ ಬಂತು. ಕರಡಿ ಎತ್ತಿದ.

"ಎರಡು ಸಾವಿರದ ನೂರ ಆರು," ಎಂದಳು ಹುಡುಗಿ. "ಅರ್ಧ ಸಂಪಾದಕರು ಎಣಿಸಿದ್ದು. ಅವರು ಎಣಿಸಿದ್ದನ್ನ ನಾನು ಇನ್ನೊಂದು ಸಲ ಎಣಿಸಿದೀನಿ."